ಸ್ಥಾಲೀಪುಲಾಕನ್ಯಾಯವೂ ಮದ್ಯಪಾನದ ಗಣನೆಯೂ

ಒಂದು ಅಗುಳನ್ನು ಹಿಚುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು ಸ್ಥಾಲೀಪುಲಾಕನ್ಯಾಯ. ಅಗುಳುಗಳೆಲ್ಲವೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದುವೆಂಬುದೇ ಅದಕ್ಕೆ ಆಧಾರ.

2020ರಲ್ಲಿ ಕೊರೋನಾ ಮಹಾಮಾರಿಯು ಜನರನ್ನು ಮನೆಗಳಲ್ಲಿ ಕೂಡಿಹಾಕಿದಾಗ, ಲಂಡನ್ನಿನ ಗ್ಲೋಬಲ್ ಡ್ರಗ್ ಸರ್ವೆ ಎಂಬ ಸಂಸ್ಥೆಯು ನಾನಾ ದೇಶಗಳವರನ್ನು ಅವರ ಮದ್ಯಪಾನದ ವಿಷಯವಾಗಿ ಅಂತರ್ಜಾಲದ ಮೂಲಕ ಪ್ರಶ್ನಿಸಿತು. 55,000ಕ್ಕೂ ಮಿಕ್ಕ ಮಂದಿ ಉತ್ತರವಿತ್ತರು. ಹೆಸರು ಹೇಳಬೇಕಾಗಿರಲಿಲ್ಲ. ವೈದ್ಯನೆದುರು ಲಜ್ಜೆಯಿಂದ ಮರೆಮಾಚುವುದನ್ನು ಮನುಷ್ಯನು ಹೆಸರಿಲ್ಲದೆ ನುಡಿಯಬಲ್ಲನು. ಇದು ಈ ವಿಧಾನದ ಗುಣ.

ದೋಷವೂ ಉಂಟು. ಇಲ್ಲಿ ಅಗುಳನ್ನು ಯಾರೂ ಆರಿಸಲಿಲ್ಲ. ಇಚ್ಛೆಯುಳ್ಳವು ತಾವಾಗಿಯೇ ಹೊರಬಂದುವು. ಅಂತರ್ಜಾಲವಿಲ್ಲದ ಬಡವನೂ, ಉತ್ತರಿಸುವ ಚೈತನ್ಯವನ್ನೇ ಕುಡಿತಕ್ಕೆ ತೆತ್ತವನೂ ಪಾತ್ರೆಯ ತಳದಲ್ಲಿಯೇ ಉಳಿದರು.

ಹಾಗಾದರೆ ಈ ಗಣನೆಯು ಅಸತ್ಯವೇ? ಅಲ್ಲ. ಉತ್ತರವಿತ್ತವರು ಬೇಸರದಿಂದ ಕುಡಿದರೋ, ಭಯದಿಂದ ಕುಡಿದರೋ ಎಂಬುದನ್ನು ಅದು ತಿಳಿಸೀತು. ಒಂದು ದೇಶದಲ್ಲಿ ಕುಡಿಯುವವರು ಎಷ್ಟು ಮಂದಿ ಎಂಬುದನ್ನು ಹೇಳಲಾರದು. ಸಂಸ್ಥೆಯೇ ಈ ಮೇರೆಯನ್ನು ಒಪ್ಪಿಕೊಂಡಿದೆ. ಆದರೆ ಅಂಕೆಯು ಬಾಯಿಂದ ಬಾಯಿಗೆ ಸಾಗುವಾಗ ಮೇರೆಯು ದಾರಿಯಲ್ಲಿಯೇ ಉದುರಿಹೋಗುವುದು. ಆದುದರಿಂದ ಅಂಕೆಯನ್ನು ಉದ್ಧರಿಸುವವನು ಅದರ ಮೇರೆಯನ್ನೂ ಹೇಳತಕ್ಕದ್ದು; ಇದು ಧರ್ಮ. ಇಲ್ಲದಿದ್ದರೆ ನೆರವು ನುಡಿದವರ ಮನೆಬಾಗಿಲಿಗೇ ಹೋಗುವುದು. ನುಡಿಯಲಾರದವನು ಮರವೆಗೆ ಸಲ್ಲುವನು.