ಶಿಶುವಿನ ಶಕ್ತಿಗೆ ತಕ್ಕ ಭಾರ

ಶಿಶುವಿಹಾರವೆಂಬುದು ಆಟಪಾಟಗಳ ಸ್ಥಾನ. ಅಲ್ಲಿ ಮೇಧಾವಿ, ಮಂದ ಎಂಬ ತಾರತಮ್ಯಕ್ಕೆ ಅವಕಾಶವೆಲ್ಲಿ ಎಂದು ಅನೇಕರು ಕೇಳುವರು. ಪ್ರಶ್ನೆ ಯುಕ್ತವಾದುದೇ. ಆದರೂ ಐದು ವರ್ಷದ ಮಕ್ಕಳ ಗುಂಪೊಂದನ್ನು ಅರ್ಧ ದಿನ ತಾಳ್ಮೆಯಿಂದ ನೋಡಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಎಲ್ಲರೂ ಹತ್ತರವರೆಗೆ ಎಣಿಸುತ್ತಿರುವಾಗ ಒಂದು ಮಗು ನೂರನ್ನು ದಾಟಿ ಮುಂದೇನೆಂದು ಕೇಳುತ್ತದೆ. ಎಲ್ಲರೂ ಅ, ಆ ತಿದ್ದುತ್ತಿರುವಾಗ ಒಂದು ಮಗು ಗೋಡೆಗೆ ಅಂಟಿಸಿದ ಲಸಿಕೆಯ ಪ್ರಕಟಣೆಯನ್ನು ಅಕ್ಷರ ಕೂಡಿಸಿ ಓದುತ್ತಿರುತ್ತದೆ. ಅಂಥ ಮಗುವಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: “ನಿನಗೆ ಬರುತ್ತದಲ್ಲ, ಸುಮ್ಮನೆ ಕೂಡು.” ಈ ಮಾತನ್ನು ಆಡುವವರಲ್ಲಿ ದ್ವೇಷವಿಲ್ಲ, ಆಲಸ್ಯವೂ ಇಲ್ಲ; ಉಳಿದ ಮಕ್ಕಳ ಮೇಲಿನ ಅಕ್ಕರೆಯೇ ಉಂಟು. ಆದರೆ ಇದು ನ್ಯಾಯವೆ? ಶಕ್ತಿಯುಳ್ಳ ಶಿಶುವಿಗೆ ನಾವು ಸಲ್ಲಿಸತಕ್ಕ ಋಣವೇನು? ಇದೇ ಈ ಲೇಖನದ ವಿಚಾರ.

ಸುಮ್ಮನೆ ಕೂಡಿಸಿದರೆ ಮಗುವಿಗೆ ನಷ್ಟವೇನೂ ಇಲ್ಲವೆಂದು ಮೇಲುನೋಟಕ್ಕೆ ತೋರುವುದು. ಬರಬೇಕಾದುದು ಬಂದೇ ಇದೆ. ಆರು ತಿಂಗಳು ಕಾದರೆ ಉಳಿದವರೂ ಜೊತೆಗೂಡುವರು. ಆದರೆ ಶಿಶುವು ಪಾಠಸ್ಥಾನದಲ್ಲಿ ಅಕ್ಷರವನ್ನೂ ಅಂಕಿಯನ್ನೂ ಮಾತ್ರ ಕಲಿಯುವುದಿಲ್ಲ. ಕಲಿಯುವುದೆಂದರೆ ಏನೆಂಬುದನ್ನು ಸಹ ಅಲ್ಲಿಯೇ ಕಲಿಯುತ್ತದೆ. ದಿನವೂ ತಾನು ಬಲ್ಲ ಪ್ರಶ್ನೆಗಳನ್ನೇ ಎದುರಿಸುವ ಮಗುವಿನ ಮನಸ್ಸಿನಲ್ಲಿ, ಕೇಳಿದೊಡನೆ ಉತ್ತರ ಹೊಳೆಯುವುದೇ ವಿದ್ಯೆ, ಹೊಳೆಯದಿದ್ದರೆ ಅದು ತನಗೆ ಸಂಬಂಧಿಸಿದುದಲ್ಲ ಎಂಬ ಭಾವನೆ ಬೇರೂರುತ್ತದೆ. ಮೇಷ್ಟರ ವೃತ್ತಿಯಲ್ಲಿ ನಾನು ಕಂಡುದೇನೆಂದರೆ, ಮೊದಲ ತರಗತಿಗಳಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗರಲ್ಲಿ ಕೆಲವರು ಬೀಜಗಣಿತದ ಹೊಸ್ತಿಲಲ್ಲಿ ನಿಂತುಬಿಟ್ಟರು. ಅವರಿಗೆ ಬುದ್ಧಿಯ ಕೊರತೆಯಿರಲಿಲ್ಲ. ತಿಳಿಯದ ವಿಷಯದ ಎದುರಿನಲ್ಲಿ ಒಂದು ಗಳಿಗೆ ಕುಳಿತಿರುವ ಅಭ್ಯಾಸ ಅವರಿಗೆ ಎಂದೂ ಆಗಿರಲಿಲ್ಲ. ಅವರಿಗಿಂತ ನಿಧಾನಿಗಳಾದ ಹುಡುಗರು ಎಡವಿ ಏಳುವುದನ್ನು ಐದನೆಯ ವರ್ಷದಲ್ಲಿಯೇ ಕಲಿತಿದ್ದರು.

ಇಲ್ಲಿ ಒಂದು ತತ್ತ್ವವಿದೆ. ಬುದ್ಧಿಯು ಮಗುವಿನ ಸಂಪಾದನೆಯಲ್ಲ. ಅದು ಹುಟ್ಟಿನಿಂದಲೋ ಮನೆಯ ಮಾತುಕತೆಯಿಂದಲೋ ಬಂದುದು. ಪ್ರಯತ್ನವೊಂದೇ ಮಗುವಿನ ಸ್ವಂತದ ಧನ. ಪ್ರಯತ್ನಕ್ಕೆ ಎಡೆಗೊಡದ ಸುಲಭವಾದ ಕೆಲಸವನ್ನು ಕೊಟ್ಟು ಹೊಗಳುವವರು, ಮಗುವಿನದಲ್ಲದ್ದನ್ನು ಹೊಗಳಿ, ಮಗುವಿನದಾದುದನ್ನು ಬೆಳೆಯಗೊಡುವುದಿಲ್ಲ. ಆದುದರಿಂದ ಚುರುಕಾದ ಶಿಶುವಿಗೆ ತಕ್ಕ ಕಷ್ಟವನ್ನು ಒದಗಿಸುವುದು ಅದಕ್ಕೆ ತೋರುವ ವಿಶೇಷ ಮರ್ಯಾದೆಯಲ್ಲ. ಉಳಿದ ಮಕ್ಕಳಿಗೆ ಸಹಜವಾಗಿಯೇ ದೊರೆತಿರುವುದನ್ನು ಅದಕ್ಕೂ ದೊರಕಿಸುವುದಷ್ಟೆ. ಮಂದಗತಿಯ ಮಗುವಿಗೆ ಹತ್ತರ ಎಣಿಕೆಯೇ ಪರ್ವತಾರೋಹಣ. ಶೀಘ್ರಗತಿಯ ಮಗುವಿಗೂ ಏರಲು ಒಂದು ದಿಬ್ಬ ಬೇಡವೆ?

ಈ ಋಣವನ್ನು ತೀರಿಸುವೆವೆಂದು ಹೊರಟವರು ಹಿಡಿಯುವ ಎರಡು ಅಡ್ಡದಾರಿಗಳುಂಟು. ಮೊದಲನೆಯದು ಅವಸರ. ಮಗು ಓದಬಲ್ಲುದೆಂದು ತಿಳಿದೊಡನೆ ಒಂದನೆಯ ತರಗತಿಯ ಪುಸ್ತಕ, ಅದು ಮುಗಿದೊಡನೆ ಎರಡನೆಯದು. ಇದರಿಂದ ಮಗು ಮುಂದೆ ಹೋಗುವುದೇನೋ ನಿಜ. ಆದರೆ ಅದೇ ಸುಲಭದ ದಾರಿಯಲ್ಲಿ ಬೇಗ ನಡೆದಂತಾಯಿತೇ ಹೊರತು ಕಷ್ಟದ ಪರಿಚಯ ಆಗಲಿಲ್ಲ. ಬುದ್ಧಿ ಎಂಟು ವರ್ಷದ್ದಾದರೂ ಬೆರಳುಗಳು ಐದು ವರ್ಷದವು. ಅಳುವೂ ಐದು ವರ್ಷದ್ದೇ.

ಎರಡನೆಯದು ಪ್ರದರ್ಶನ. ಬಂದವರ ಮುಂದೆ ಮಗುವನ್ನು ನಿಲ್ಲಿಸಿ ಮಗ್ಗಿ ಹೇಳಿಸುವುದು, ರಾಜಧಾನಿಗಳ ಹೆಸರು ಒಪ್ಪಿಸುವುದು. ಇದರ ಅತ್ಯಂತ ಪ್ರಸಿದ್ಧ ನಿದರ್ಶನ ನಮ್ಮ ನಾಡಿನದೇ. 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾ ದೇವಿಯವರ ಲೆಕ್ಕದ ಶಕ್ತಿಯನ್ನು, ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಅವರ ತಂದೆಯವರು, ಮಗಳಿಗೆ ಮೂರು ವರ್ಷವಾಗಿದ್ದಾಗ ಇಸ್ಪೀಟಿನ ಆಟದಲ್ಲಿ ಕಂಡುಕೊಂಡರು. ಆರನೆಯ ವಯಸ್ಸಿನಲ್ಲಿ ಆಕೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರದರ್ಶನವಿತ್ತರು. 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಲೋಕವನ್ನು ಬೆರಗುಗೊಳಿಸಿದರು. ಆದರೆ ಕ್ರಮವಾದ ಶಾಲಾ ಶಿಕ್ಷಣ ಆಕೆಗೆ ದೊರೆಯಲಿಲ್ಲ. ಆಕೆಯ ಸಾಧನೆ ದೊಡ್ಡದು, ಅದಕ್ಕೆ ನಮಸ್ಕಾರ ಸಲ್ಲಬೇಕು. ಆದರೂ ಅಂಥ ಶಕ್ತಿಗೆ ಸಭೆಯೊಂದು ಸಿಕ್ಕಿದಂತೆ, ತನಗಿಂತ ಕಠಿನವಾದ ಗಣಿತವನ್ನು ಮುಂದಿಡುವ ಗುರುವೊಬ್ಬನು ಬಾಲ್ಯದಲ್ಲಿಯೇ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ವಿಚಾರವಂತರಿಗೆ ಬಾರದಿರದು. ಚಪ್ಪಾಳೆಯು ಬಲ್ಲುದನ್ನು ಮತ್ತೆ ಮಾಡಿಸುತ್ತದೆ. ಗುರುವು ಅರಿಯದುದನ್ನು ಮಾಡಿಸುತ್ತಾನೆ.

ಹಾಗಾದರೆ ಸರಿಯಾದ ದಾರಿ ಯಾವುದು? ನಮ್ಮ ಹಿಂದಿನವರ ಪದ್ಧತಿಯಲ್ಲಿ ಇದಕ್ಕೆ ಒಂದು ಸೂಚನೆ ಇದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಅವರು 1822ರಲ್ಲಿ ದೇಶೀಯ ಶಾಲೆಗಳ ವಿಚಾರಣೆ ನಡೆಯಿಸಿದಾಗ, ತುಂಗಭದ್ರೆಯ ಆಚೆಯ ದಡದ ಬಳ್ಳಾರಿ ಜಿಲ್ಲೆಯಿಂದ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಎಂಬವರು 1823ರಲ್ಲಿ ಸವಿಸ್ತಾರವಾದ ವರದಿಯನ್ನು ಬರೆದರು. ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವು. ಮಕ್ಕಳು ಐದನೆಯ ವರ್ಷಕ್ಕೆ ಶಾಲೆ ಸೇರಿ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮೊದಲುಗೊಂಡು ಒಂದೊಂದು ಹೆಚ್ಚಿನ ಪೆಟ್ಟು. ಸಾಮಾನ್ಯವಾಗಿ ನಾಲ್ಕು ವರ್ಗಗಳಿದ್ದು, ಕೆಳಗಿನ ವರ್ಗಗಳನ್ನು ಹಿರಿಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು. ಒಂದು ವರ್ಗದಿಂದ ಇನ್ನೊಂದಕ್ಕೆ ಏರುವುದು ಶಕ್ತಿ ಮತ್ತು ಪ್ರಗತಿಗಳನ್ನು ಅನುಸರಿಸಿ. ಪಾಠಶಾಲೆಯ ಸಂಥೆಯಲ್ಲಿಯೂ ಇದೇ ಕ್ರಮ: ಹಿಂದಿನ ಸಂಥೆಯನ್ನು ಒಪ್ಪಿಸಿದವನಿಗೆ ಮುಂದಿನದು; ಒಪ್ಪಿಸಲಾಗದವನಿಗೆ ಅದೇ ಇನ್ನೊಮ್ಮೆ. ಅವನಿಗಾಗಿ ಇವನೂ, ಇವನಿಗಾಗಿ ಅವನೂ ಕಾಯಬೇಕಾಗಿರಲಿಲ್ಲ.

ಆದರೆ ಹಳೆಯದೆಲ್ಲವೂ ಚೆನ್ನೆಂದು ಹೇಳುವುದು ನನ್ನ ಉದ್ದೇಶವಲ್ಲ. ಅರ್ಥವರಿಯದ ಬಾಯಿಪಾಠವನ್ನು ಕ್ಯಾಂಬೆಲ್ಲರೇ ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ಸತ್ಯ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧಗಳೊಡನೆ ಅಧಿಕಾರಿಯನ್ನೂ ನಿರೂಪಿಸುವ ಸಂಪ್ರದಾಯವುಂಟು. ಯಾವ ವಿಷಯಕ್ಕೆ ಯಾರು ಸಿದ್ಧರು ಎಂಬ ಈ ವಿವೇಕ ಬೋಧನಶಾಸ್ತ್ರದ ಸಾರವೇ ಸರಿ. ಆದರೆ ಸಿದ್ಧತೆ ಎಂಬ ಅರ್ಥದ ಅಧಿಕಾರವು ಬರಬರುತ್ತ ಜನ್ಮದ ಬೇಲಿಯಾಯಿತು. ಯಾವ ಮಗು ಸಿದ್ಧವಾಗಿದೆ ಎಂದು ನೋಡುವುದಕ್ಕೆ ಮೊದಲೇ, ಯಾರ ಮನೆಯ ಮಗು ಎಂದು ಕೇಳಲಾಯಿತು. ಹೆಣ್ಣುಮಕ್ಕಳನ್ನೂ ಅಸಂಖ್ಯ ದುಡಿಯುವ ಜನರ ಮಕ್ಕಳನ್ನೂ ಹೊರಗಿರಿಸಿ, ಒಳಗಿದ್ದವರ ಶಕ್ತಿಯನ್ನು ಮಾತ್ರ ಅಳೆದುದು ಹೇಗೆ ಅಳತೆಯಾದೀತು? ಅಧಿಕಾರಭೇದದ ವಿವೇಕವನ್ನು ಉಳಿಸಿಕೊಂಡು ಆ ಬೇಲಿಯನ್ನು ಕಿತ್ತುಹಾಕುವುದೇ ನಮ್ಮ ಕಾಲದ ಕರ್ತವ್ಯ.

ಶಿಶುಶಿಕ್ಷಣದ ಆಧುನಿಕ ಆಚಾರ್ಯರು ಆ ಕಡೆಗೇ ನಡೆದರು. 1837ರಲ್ಲಿ ಜರ್ಮನಿಯಲ್ಲಿ ಫ್ರೋಬೆಲರು ಆರಂಭಿಸಿದ ಶಿಶುವಿಹಾರದಲ್ಲಿ ಮಗುವಿಗೆ ಪುಸ್ತಕವಿರಲಿಲ್ಲ. ಚೆಂಡು, ಗೋಲ, ಎಂಟು ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ, ಇವಿದ್ದುವು. ಅವೇ ಎಂಟು ತುಂಡುಗಳಿಂದ ಒಂದು ಮಗು ಗೋಡೆ ಕಟ್ಟಿದರೆ, ಇನ್ನೊಂದು ಮಗು ಅರ್ಧ, ಕಾಲುಗಳ ಲೆಕ್ಕವನ್ನು ತಾನೇ ಕಾಣಬಹುದು. ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದುದು ಬಡ ಕೂಲಿಕಾರರ ಬೀದಿಯಲ್ಲಿ. ತನ್ನ ತಪ್ಪನ್ನು ಮಗು ತಾನೇ ಕಂಡುಕೊಳ್ಳುವಂಥ ಉಪಕರಣಗಳನ್ನು ಅವರು ರೂಪಿಸಿದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ ಆ ವಿಚಾರವನ್ನು ಭಾರತೀಯ ಕಥೆ, ಆಟಗಳೊಡನೆ ಬೆಸೆದರು.

ಈಗ ಪ್ರಬಲವಾದ ಆಕ್ಷೇಪವೊಂದನ್ನು ಎದುರಿಸಬೇಕು. ರಾಯಚೂರು ಜಿಲ್ಲೆಯು 2018ರಲ್ಲಿ ಕೇಂದ್ರ ಸರಕಾರವು ಹಿಂದುಳಿದವೆಂದು ಆರಿಸಿದ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿದುದು. ಬಾಗಲವಾಡದಂಥ ನಮ್ಮ ಸೀಮೆಯ ಊರುಗಳಿಂದ ಮಳೆ ಕೈಕೊಟ್ಟ ವರ್ಷ ಎಷ್ಟೋ ಸಂಸಾರಗಳು ಗುಳೆ ಹೋಗುತ್ತವೆ. ಮಕ್ಕಳೂ ಜೊತೆಯಲ್ಲಿ ಹೊರಡುತ್ತಾರೆ. ಅಕ್ಷರವೇ ದಕ್ಕದ ಮಕ್ಕಳು ಇಷ್ಟು ಮಂದಿ ಇರುವಾಗ, ಅಕ್ಷರ ಬಂದವನಿಗಾಗಿ ಚಿಂತಿಸುವುದು ಉಳ್ಳವರ ವಿಲಾಸವಲ್ಲವೆ?

ಈ ಮಾತಿನಲ್ಲಿ ತೂಕವಿದೆ. ಹಿಂದುಳಿದ ಮಗುವಿನ ಒಂದು ಗಳಿಗೆಯನ್ನೂ ಕಿತ್ತುಕೊಂಡು ಮುಂದಿರುವ ಮಗುವಿಗೆ ಕೊಡತಕ್ಕದ್ದಲ್ಲ. ಆದರೆ ಆಕ್ಷೇಪಿಸುವವರು ಒಂದನ್ನು ಮರೆಯುತ್ತಾರೆ. ಉಳ್ಳವರ ಮನೆಯ ಚುರುಕು ಮಗುವಿಗೆ ಶಾಲೆ ಕೊಡದಿದ್ದುದನ್ನು ಮನೆಯೇ ಕೊಡುತ್ತದೆ: ಪುಸ್ತಕ, ಆಟದ ಸಾಮಾನು, ಪ್ರಶ್ನೆಗೆ ಉತ್ತರಿಸುವ ಬಿಡುವುಳ್ಳ ತಾಯಿತಂದೆಗಳು. ಹತ್ತಿ ಬಿಡಿಸಲು ಹೋಗುವವರ ಮನೆಯ ಚುರುಕು ಮಗುವಿಗೆ ಅಂಗನವಾಡಿಯ ಹೊರತು ಬೇರೆ ಆಶ್ರಯವಿಲ್ಲ. “ಸುಮ್ಮನೆ ಕೂಡು” ಎಂಬ ಮಾತಿನ ಪೂರ್ಣ ದಂಡವನ್ನು ತೆರುವುದು ಅದೇ ಮಗು. ಅಷ್ಟೇ ಅಲ್ಲ, ಅದರ ಶಕ್ತಿ ನಮ್ಮ ಕಣ್ಣಿಗೆ ಬೀಳುವುದೇ ದುರ್ಲಭ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುವ ಮಗು ಕನ್ನಡದ ಪ್ರಶ್ನೆಗೆ ಸುಮ್ಮನಿದ್ದರೆ ಅದನ್ನು ಮಂದವೆಂದು ತಿಳಿಯುತ್ತೇವೆ. ಮಾತುಗಾರ ಮಗುವನ್ನು ಮೇಧಾವಿ ಎನ್ನುತ್ತೇವೆ. ಬೆಳೆಯುವ ಪೈರು ಮೊಳಕೆಯಲ್ಲಿ ಎಂಬ ಗಾದೆ ನಿಜವೇ; ಆದರೆ ಮೊಳಕೆಯನ್ನು ನೋಡಲು ಬಾಗಿದವನಿಗೆ ಮಾತ್ರ ಅದು ಕಾಣುವುದು. ಎಲ್ಲ ಮಕ್ಕಳ ಮುಂದೆಯೂ ಸ್ವಲ್ಪ ಕಠಿನವಾದ ಕೆಲಸವನ್ನು ಇಟ್ಟು ನೋಡಿದ ಹೊರತು, ಯಾರಲ್ಲಿ ಏನಿದೆಯೆಂದು ತಿಳಿಯುವ ಬಗೆ ಇನ್ನೊಂದಿಲ್ಲ.

ಅಂಥ ಕೆಲಸ ಹೇಗಿರಬೇಕು? ನನ್ನ ದೃಷ್ಟಿಯಲ್ಲಿ ಅದಕ್ಕೆ ಮೂರು ಲಕ್ಷಣಗಳು. ಮಗು ಅದನ್ನು ತಾನಾಗಿ ಆರಂಭಿಸಬಲ್ಲುದಾಗಿರಬೇಕು, ಒಡನೆಯೇ ಮುಗಿಸಲಾರದಂತಿರಬೇಕು, ತಪ್ಪಿದುದು ಯಾರೂ ಹೇಳದೆಯೇ ತಿಳಿಯುವಂತಿರಬೇಕು. ಹನ್ನೆರಡು ಹುಣಸೆಬೀಜಗಳನ್ನು ಎಣಿಸುವುದು ಎಲ್ಲರ ಕೆಲಸವಾಗಿರಲಿ. ಎಣಿಸಿ ಮುಗಿಸಿದ ಮಗುವಿಗೆ, ಇವನ್ನು ಸಮನಾದ ಸಾಲುಗಳಲ್ಲಿ ಎಷ್ಟು ಬಗೆಯಾಗಿ ಇಡಬಲ್ಲೆ ಎಂದು ಕೇಳಬಹುದು. ಎರಡು ಸಾಲಿನಲ್ಲಿ ಆರಾರು, ಮೂರು ಸಾಲಿನಲ್ಲಿ ನಾಲ್ಕು ನಾಲ್ಕು ಎಂದು ಅದು ಕಂಡುಕೊಳ್ಳುವುದು. ಆ ಮೇಲೆ ಇನ್ನೊಂದು ಬೀಜವನ್ನು ಸೇರಿಸಿ, ಈಗ ಇಡು ಎನ್ನಬೇಕು. ಹದಿಮೂರು ಬೀಜ ಎರಡು ಸಾಲಿಗೂ ಬಾರದು, ಮೂರಕ್ಕೂ ಬಾರದು, ನಾಲ್ಕಕ್ಕೂ ಬಾರದು. ಮಗು ಎಣಿಕೆ ತಪ್ಪಿತೆಂದು ಮತ್ತೆ ಎಣಿಸುವುದು, ಮತ್ತೆ ಇಡುವುದು. ಆ ಹೊತ್ತಿನಲ್ಲಿ ನಾವು ಬಾಯಿ ತೆರೆಯಬಾರದು. ಹುಬ್ಬು ಗಂಟಿಕ್ಕಿ ಕುಳಿತ ಆ ಗಳಿಗೆಯೇ ಅದರ ಪಾಠ. ಹಾಗೆಯೇ ಚುಕ್ಕಿಗಳನ್ನಿಟ್ಟು, ಕೈಯೆತ್ತದೆ ಒಂದೇ ಗೆರೆಯಿಂದ ಎಲ್ಲವನ್ನೂ ಸುತ್ತಿ ಬರುವ ರಂಗೋಲಿ. ಮುಂದಿನ ಕೈಯನ್ನು ಊಹಿಸಿ ಕಾಳು ಬಿಡುವ ಅಳಗುಳಿಮಣೆ. ಒಗಟನ್ನು ಬಿಡಿಸುವ ಬದಲು ಹೊಸದೊಂದನ್ನು ಕಟ್ಟುವುದು. ಕೇಳಿದ ಕಥೆಯನ್ನು ಅದರಲ್ಲಿಯ ನರಿಯ ಬಾಯಿಂದ ಹೇಳುವುದು. ಇವು ಯಾವುವೂ ಮುಂದಿನ ತರಗತಿಯ ಪಾಠವಲ್ಲ. ಇವಕ್ಕೆ ಕಾಸಿನ ಖರ್ಚಿಲ್ಲ. ಅದೇ ಬೀಜದ ರಾಶಿಯ ಮುಂದೆ ಎಲ್ಲ ಮಕ್ಕಳೂ ಒಟ್ಟಿಗೆ ಕುಳಿತಿರಬಹುದು. ಒಬ್ಬರು ಇನ್ನೊಬ್ಬರಿಂದ ಬೇರ್ಪಡಬೇಕಾಗಿಲ್ಲ.

ಆದರೆ ಚುರುಕಾದ ಮಗುವನ್ನು ದಿನವೆಲ್ಲ ಉಳಿದವರಿಗೆ ಕಲಿಸಲು ಹಚ್ಚುವುದು ಸರಿಯಲ್ಲ. ಸ್ವಲ್ಪ ಹೊತ್ತು ಅದು ಒಳ್ಳೆಯದು. ವಿನಯವನ್ನೂ ಮಾತಿನ ಸ್ಪಷ್ಟತೆಯನ್ನೂ ಕಲಿಸುತ್ತದೆ. ಅದೇ ಕಸುಬಾದರೆ ಮಗು ಸಂಬಳವಿಲ್ಲದ ಸಹಾಯಕನಾಗಿ, ತನ್ನ ಕಲಿಕೆಯನ್ನು ಕಳೆದುಕೊಳ್ಳುತ್ತದೆ.

ಇದು ನಮ್ಮಲ್ಲಿ ಸಾಧ್ಯವೆ ಎಂದರೆ, ಸಾಧ್ಯವೆಂಬುದಕ್ಕೆ ಆಧಾರವುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿದ ನಲಿಕಲಿ ಪದ್ಧತಿಯಲ್ಲಿ ಮಗುವು ಕಲಿಕೆಯ ಏಣಿಯನ್ನು ತನ್ನ ವೇಗಕ್ಕೆ ತಕ್ಕಂತೆ ಏರುತ್ತದೆ. ಕೆಲವು ಹೊತ್ತು ಗುರುವಿನ ಬಳಿ, ಕೆಲವು ಹೊತ್ತು ಜೊತೆಗಾರರ ಬಳಿ, ಕೆಲವು ಹೊತ್ತು ತಾನೇ. ಸಂಥೆಯ ಹಳೆಯ ವಿವೇಕವು ಬೇಲಿಯಿಲ್ಲದೆ ಮರಳಿ ಬಂದಂತೆ ಇದು ನನಗೆ ತೋರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ತಳಹದಿಯ ಹಂತವೆಂದು ಎಣಿಸಿದುದರಿಂದ, ಅಂಗನವಾಡಿಗೂ ಒಂದನೆಯ ತರಗತಿಗೂ ನಡುವಣ ಗೋಡೆ ತತ್ತ್ವತಃ ಬಿದ್ದಿದೆ. ಆದರೆ 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ತಿರುಮಕೂಡಲು ನರಸೀಪುರದಲ್ಲಿ ಆರಂಭವಾದ ಅಂಗನವಾಡಿಯು ಇಂದಿಗೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಮೇಲೆ ನಿಂತಿದೆ. ಆಹಾರ, ತೂಕ, ಲಸಿಕೆ, ಗರ್ಭಿಣಿಯರ ಲೆಕ್ಕ, ಈ ಎಲ್ಲದರ ನಡುವೆ ಪಾಠವೂ ಆಕೆಯದೇ. ಆಕೆಗೆ ಉಪದೇಶ ಮಾಡುವುದು ಸುಲಭ. ಆಕೆಯ ದಾಖಲೆಪುಸ್ತಕಗಳ ಹೊರೆಯನ್ನು ಇಳಿಸಿ, ಮಕ್ಕಳನ್ನು ನೋಡುವಷ್ಟು ಬಿಡುವನ್ನು ಕೊಡುವುದು ಆಳುವವರ ಧರ್ಮ.

ಕೊನೆಯದಾಗಿ ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಮಗುವು ಶಾಲೆಯಿಂದ ಬಂದಾಗ ಎಷ್ಟಕ್ಕೆ ಸರಿಯುತ್ತರ ಕೊಟ್ಟೆ ಎಂದು ಕೇಳುವ ಬದಲು, ಇಂದು ಯಾವುದು ನಿನಗೆ ಬಾರದೆ ಉಳಿಯಿತು ಎಂದು ಕೇಳಿರಿ. ಎಲ್ಲವೂ ಬಂತು ಎಂಬ ಉತ್ತರವೇ ದಿನದಿನವೂ ಬಂದರೆ, ಸಂತೋಷಪಡದೆ, ಮರುದಿನ ಅಂಗನವಾಡಿಯ ಅಕ್ಕನವರಲ್ಲಿ ವಿನಯದಿಂದ ಹೋಗಿ, ಇವಳಿಗೆ ಸ್ವಲ್ಪ ಕಷ್ಟದ್ದನ್ನು ಕೊಡಿರಿ ಎಂದು ಬೇಡಿಕೊಳ್ಳಿರಿ. ಮುಂದಿನ ತರಗತಿಯನ್ನು ಬೇಡಬೇಡಿರಿ.