ಇಂದಿನ ಧಮ್ಮ ಚಿಂತನೆ: ಹೆತ್ತವರನ್ನು ಹುಡುಕುವುದು ತಪ್ಪೇ?



ಹಿಂದೆ ನನ್ನ ತರಗತಿಯಲ್ಲಿದ್ದ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. ದತ್ತು ಮಗಳು. "ಮಿಸ್, ನನ್ನನ್ನು ಹೆತ್ತವರನ್ನು ಹುಡುಕಬೇಕು ಅನ್ನಿಸುತ್ತೆ. ಅಮ್ಮನಿಗೆ ದ್ರೋಹ ಮಾಡಿದ ಹಾಗಾಗುತ್ತಾ?" ಎಂದಳು.

"ಹುಟ್ಟು ಮುಖ್ಯ ಅಲ್ಲ ಕಣಮ್ಮ, ಬುದ್ಧರೂ ಬಾಬಾಸಾಹೇಬರೂ ಹೇಳಿದ್ದು ಅದನ್ನೇ" ಎಂದುಬಿಟ್ಟೆ. ಅವಳು ಮತ್ತೆ ಮಾತಾಡಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ನಾವು ತಿರಸ್ಕರಿಸಿದ್ದು ಹುಟ್ಟಿನಿಂದ ಮನುಷ್ಯರನ್ನು ಅಳೆಯುವುದನ್ನು. ಅವಳು ತನ್ನ ಜಾತಿ ಯಾವುದೆಂದು ಕೇಳಿರಲಿಲ್ಲ. ತನ್ನನ್ನು ಯಾಕೆ ಬಿಟ್ಟರು ಎಂಬುದು ಅವಳ ಸಂಕಟ. ದುಃಖದ ಕಾರಣ ತಿಳಿ ಎನ್ನುವ ಧಮ್ಮವನ್ನೇ ನಾನು ಅವಳ ಬಾಯಿ ಮುಚ್ಚಿಸಲು ಬಳಸಿದ್ದೆ.

ಸಿದ್ಧಾರ್ಥರನ್ನು ಹೆತ್ತವರು ಮಹಾಮಾಯಾ, ಸಾಕಿದವರು ಮಹಾಪ್ರಜಾಪತಿ ಗೌತಮಿ. ಇಬ್ಬರನ್ನೂ ತಾಯಿ ಎಂದೇ ನೆನೆಯುತ್ತೇವೆ. ಒಬ್ಬರ ನೆನಪಿನಿಂದ ಇನ್ನೊಬ್ಬರ ಮಮತೆ ಕಡಿಮೆಯಾಗಿಲ್ಲ.

2022ರ ದತ್ತು ನಿಯಮಗಳ ಪ್ರಕಾರ 18 ತುಂಬಿದವರು ತಮ್ಮ ಮೂಲ ತಿಳಿಯಲು ತಾವೇ ಕೋರಬಹುದು. ಆದರೆ ಈ ಹಕ್ಕು ಹೆತ್ತವರ ಖಾಸಗಿತನವನ್ನು ಮೀರುವಂತಿಲ್ಲ. ಇದರಲ್ಲೂ ಕರುಣೆ ಇದೆ. ಬಡತನಕ್ಕೋ, ಊರವರ ಮಾತಿಗೋ ಅಂಜಿ ಮಗು ಬಿಟ್ಟ ತಾಯಿಯ ಕಥೆ ಇವತ್ತು ಅವಳ ಮನೆಯವರಿಗೇ ಗೊತ್ತಿಲ್ಲದಿರಬಹುದು.

ಬೆಳಿಗ್ಗೆ ಫೋನ್ ಮಾಡಿದೆ. "ನಿನ್ನೆ ನಾನು ಹೇಳಿದ್ದು ತಪ್ಪು. ಹುಡುಕು. ಆದರೆ ಮೊದಲು ಅಮ್ಮನಿಗೆ ಹೇಳು. ಆ ಕಡೆಯಿಂದ ಬೇಡ ಅಂತ ಬಂದರೆ ಬಾಗಿಲು ಬಡಿಯಬೇಡ."

"ಅಮ್ಮನಿಗೆ ಹೇಳೋದೇ ಕಷ್ಟ ಮಿಸ್."

"ನಾನೂ ಜೊತೆಗೆ ಬರ್ತೀನಿ" ಎಂದೆ.

ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ: ಧಮ್ಮದ ಮಾತು ಹೇಳುವ ಅವಸರದಲ್ಲಿ ಯಾರ ನೋವನ್ನು ಕೇಳದೆ ಬಿಟ್ಟಿದ್ದೇವೆ?

ಭವತು ಸಬ್ಬ ಮಂಗಲಂ.