ಮದುವೆಯ ಫೋಟೋ, ಮರಣದ ಫೋಟೋ



ಮಂಡಿ ಮೊಹಲ್ಲಾದ ಒಂದು ಮನೆಗೆ ವರ್ಷದ ಪ್ರಾರ್ಥನೆಗೆಂದು ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಆ ಮನೆಯ ತಾಯಿ ಆಲ್ಬಂ ತಂದು ಮುಂದಿಟ್ಟರು. ತೀರಿಹೋದ ಯಜಮಾನರದು ಅದರಲ್ಲಿ ಎರಡೇ ಫೋಟೋ. ಒಂದು, ಸ್ಟುಡಿಯೋದಲ್ಲಿ ಕೋಟು ತೊಟ್ಟು ತೆಗೆಸಿದ ಮದುವೆಯದು. ಇನ್ನೊಂದು, ಶವಪೆಟ್ಟಿಗೆಯ ಸುತ್ತ ಬಂಧುಬಳಗವೆಲ್ಲ ನಿಂತು ತೆಗೆಸಿದ್ದು. ಇವೆರಡರ ನಡುವೆ ಆತ 30 ವರ್ಷ ಗಿರಣಿಯಲ್ಲಿ ದುಡಿದಿದ್ದರು. ಅದರದೊಂದು ಚಿತ್ರವೂ ಇಲ್ಲ.

"ಕೆಲಸ ಮಾಡೋದನ್ನ ಯಾರು ಫೋಟೋ ತೆಗೀತಾರೆ ಫಾದರ್?" ಎಂದರು ಆಕೆ.

ತೆಗೆಯುವವರೊಬ್ಬರು ಇದೇ ಊರಿನವರಾಗಿದ್ದರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಟಿ.ಎಸ್. ಸತ್ಯನ್. ಅಮೆರಿಕದ 'ಲೈಫ್' ಪತ್ರಿಕೆಗೂ ಚಿತ್ರ ತೆಗೆದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಅರಮನೆ, ಆನೆ, ಅಂಬಾರಿಗಳ ಊರಿನಲ್ಲಿ ಕ್ಯಾಮೆರಾ ಹಿಡಿದವನಿಗೆ ವೈಭವಕ್ಕೇನು ಬರ? ಆದರೂ ಅವರ ಕಣ್ಣು ಮತ್ತೆ ಮತ್ತೆ ಹೋದದ್ದು ಸಾಮಾನ್ಯ ಜನರ ದಿನನಿತ್ಯದ ಬಾಳಿನ ಕಡೆಗೆ, ಮಕ್ಕಳ ಕಡೆಗೆ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ಅವರು ತೀರಿಕೊಂಡರು. ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಅವರು ನಮ್ಮ ಮರುಕ ಬೇಡುತ್ತ ನಿಂತಿಲ್ಲ.

ಸಂತ ಮಾರ್ಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಪ್ರಭು ಯೇಸು ದೇವಾಲಯದ ಕಾಣಿಕೆಪೆಟ್ಟಿಗೆಯ ಎದುರು ಕುಳಿತು ನೋಡುತ್ತಾರೆ. ಎರಡು ಪುಡಿಕಾಸು ಹಾಕಿದ ಬಡ ವಿಧವೆಯನ್ನು ಗಮನಿಸಿದವರು ಅವರೊಬ್ಬರೇ. ಶಿಷ್ಯರನ್ನು ಕರೆದು ತೋರಿಸಬೇಕಾಯಿತು. ನಾವಾದರೋ, ಹಬ್ಬದ ಸ್ಮರಣಸಂಚಿಕೆಯಲ್ಲಿ ದಾನಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಗುಡಿಸಿ ಒರೆಸಿದ ತಾಯಂದಿರು ಹಿಂದಿನ ಸಾಲಿನಲ್ಲೂ ಇರುವುದಿಲ್ಲ. ಇನ್ನು ಅಕ್ಕಿ ಹಂಚುವಾಗ ಚೀಲದ ಜೊತೆ ಬಡವರನ್ನೂ ನಿಲ್ಲಿಸಿ ಮೊಬೈಲ್ ಎತ್ತುವವರಿದ್ದಾರೆ. ಅದು ಫೋಟೋ ಅಲ್ಲ, ರಸೀದಿ. ನಾನೂ ಅಂಥ ಫೋಟೋಗಳಲ್ಲಿ ನಗುತ್ತ ನಿಂತವನೇ.

ಅಶೋಕ ರಸ್ತೆಯ ನಮ್ಮ ಪ್ರಧಾನಾಲಯವನ್ನೇ ನೋಡಿ. ಅದು ಸಂತ ಜೋಸೆಫರ ಹೆಸರಿನದೂ ಹೌದು. ಆದರೆ ಯಾವ ಆಟೋದವರನ್ನು ಕೇಳಿದರೂ 'ಫಿಲೋಮಿನಾ ಚರ್ಚ್'. ಬಡಗಿಯ ಹೆಸರು ಅಲ್ಲೂ ಹಿಂದೆ ಸರಿದಿದೆ! (ಸಂತ ಫಿಲೋಮಿನರ ಭಕ್ತರು ಕ್ಷಮಿಸಬೇಕು.) ಆ ಬಡಗಿಯನ್ನು ಕಾರ್ಮಿಕರ ಪಾಲಕರೆಂದು ಗೌರವಿಸಲು 1955ರಲ್ಲಿ ಜಗದ್ಗುರು 12ನೇ ಪಯಸ್‌ರವರು ಮೇ 1ನ್ನು ಹಬ್ಬವಾಗಿ ಗೊತ್ತುಮಾಡಿದರು.

ಆ ತಾಯಿ ಈಗ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾರೆ. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಮಣೆಯ ಮೇಲೆ ಇದ್ದಿಲಪುಡಿ ಬೆರೆತ ಕಪ್ಪು ಹಿಟ್ಟು, ಪಕ್ಕದಲ್ಲಿ ಬಿದಿರುಕಡ್ಡಿಯ ಕಟ್ಟು. "ಅಮ್ಮಾ, ನೀವು ಕೆಲಸ ಮಾಡುವಾಗ ಒಂದು ಫೋಟೋ ತೆಗೆಯಲೇ?" ಎಂದೆ. ನಾಚಿಕೊಂಡರು. ಮಗಳು ಒಪ್ಪಿಸಿದಳು.

"ಕೈ ತೊಳ್ಕೊಂಡು ಬರ್ತೀನಿ ಫಾದರ್."

"ಬೇಡಮ್ಮಾ, ಆ ಕೈಯೇ ಚೆನ್ನ," ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಫೋಟೋ ಆಕೆಯದು. ಕೈ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದು ಮಣೆಯ ಮುಂದೆ ಕುಳಿತರು. ಹತ್ತು ಕಡ್ಡಿ ಹೊಸೆಯುವಷ್ಟರಲ್ಲಿ ಕೈ ಮತ್ತೆ ಕಪ್ಪಾಗಿತ್ತು.